ಗುಂಯ್ ಅನ್ನುತ್ತೆ, ತಿರುಗಲ್ಲ: ಮೋಟರ್ ಇರುವ ಕಮೋಡ್ ಕೈಕೊಟ್ಟಾಗ ಏನು ನೋಡಬೇಕು

ನಮ್ಮ ಕೋಲಾರದ ಹಳೆ ಮನೆಗಳಿಗೆ ಒಂದು ಕಷ್ಟ ಇದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿದೆ, ಮನೆ ಇದ್ದಲ್ಲೇ ಇದೆ. ಬಾಗಿಲು ದಾಟಿ ಎರಡು ಮೆಟ್ಟಿಲು ಇಳಿದು ಒಳಗೆ ಹೋಗಬೇಕು. ಹೊರಗಿನ ಯುಜಿಡಿ (ಒಳಚರಂಡಿ) ಚೇಂಬರಿನ ಬಾಯಿ ಮನೆಯ ನೆಲಕ್ಕಿಂತ ಮೇಲಿರುತ್ತದೆ. ಇಂಥ ಮನೆಯಲ್ಲಿ, ಮೆಟ್ಟಿಲು ಹತ್ತಲಾಗದ ಅಜ್ಜಿಗೋ ತಾತನಿಗೋ ಕೆಳಗಿನ ಕೋಣೆಯಲ್ಲೇ ಒಂದು ಕಮೋಡ್ ಕೂರಿಸೋಣ ಅಂದರೆ ಪೈಪಿಗೆ ಇಳಿಜಾರೇ ಸಿಗುವುದಿಲ್ಲ. ಅಂಥ ಕಡೆ ಹಾಕುವುದೇ ಮೋಟರ್ ಇರುವ ಕಮೋಡ್. ಹಿಂದುಗಡೆ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಅರೆಯುವ ಪಂಪು. ಅಂಗಡಿಯವರು ಇದನ್ನು ಮ್ಯಾಸರೇಟರ್ ಅನ್ನುತ್ತಾರೆ. ನಾನು ಈ ಲೇಖನದಲ್ಲಿ ಸುಮ್ನೆ ಪೆಟ್ಟಿಗೆ ಅಂತಲೇ ಕರೆಯುತ್ತೇನೆ.

ಈ ಪೆಟ್ಟಿಗೆಯ ಪರಿಚಯ ನನಗೆ ಆದದ್ದು ಕೋಲಾರದಲ್ಲಿ ಅಲ್ಲ. ಆರು ವರ್ಷ ಮಂಗಳೂರು ಕಡೆ ದೋಣಿಗಳ ವೈರಿಂಗ್ ಕೆಲಸ ಮಾಡಿದೆ. ಮೀನು ಹಿಡಿಯುವ ದೋಣಿಗಳೇ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಖಾಸಗಿ ವಿಹಾರದ ದೋಣಿ ಬರುತ್ತಿತ್ತು. ಅವುಗಳಲ್ಲಿ ಬ್ಯಾಟರಿಯಿಂದ ನಡೆಯುವ ಕಮೋಡ್ ಇರುತ್ತಿತ್ತು. ಸಮುದ್ರದ ನೀರನ್ನೇ ಎಳೆದುಕೊಂಡು ತೊಳೆದು, ಅರೆದು, ಸಣ್ಣ ಪೈಪಿನಲ್ಲಿ ತಳ್ಳುವ ಯಂತ್ರ. ಊರಿಗೆ ವಾಪಸ್ ಬಂದ ಮೇಲೆ ದೊಡ್ಡಮ್ಮನ ಮನೆಯಲ್ಲಿ ಇಂಥದ್ದೇ ಪೆಟ್ಟಿಗೆ ಕೆಟ್ಟಿತು. ಬಿಚ್ಚಿ ನೋಡಿದರೆ ಒಳಗಿನ ಸಂಸಾರ ಎರಡರದ್ದೂ ಒಂದೇ. ಕೆಡುವ ಕಾರಣಗಳೂ ಹೆಚ್ಚುಕಮ್ಮಿ ಅವೇ.

ನಾನು ಕಂಡ ಮಟ್ಟಿಗೆ ಮೋಟರ್ ನಿಜವಾಗಿ ಸುಟ್ಟುಹೋಗಿರುವುದು ಕಡಿಮೆ. ಕರೆಂಟಿನ ದೋಷ, ಕೂದಲು, ನೀರಿನ ಕರೆ (ಗಡಸು ನೀರು ಕಟ್ಟುವ ಸುಣ್ಣದ ಪದರ), ಇಲ್ಲವೇ ಸೋರುವ ವಾಷರ್, ಇವೇ ಬಹಳ ಸಲ ಕಾರಣ. ಆದರೆ ಜನ ಮೊದಲು ಮಾಡುವುದೇ ಪೆಟ್ಟಿಗೆ ಬಿಚ್ಚುವ ಕೆಲಸ, ಇಲ್ಲವೇ ಹೊಸದು ತರುವ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನಿಂದ ಶುರು ಮಾಡಿ. ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕುವುದು ಕೊನೆಯಲ್ಲಿ.

ಸರಿಯಿದ್ದಾಗ ಅದು ಹೇಗಿರುತ್ತೆ?

ಫ್ಲಶ್ ಮಾಡಿದ ಕೂಡಲೇ ಐದಾರು ಲೀಟರ್ ನೀರು ಮಲದ ಜೊತೆ ಪೆಟ್ಟಿಗೆಗೆ ಬರುತ್ತದೆ. ನೀರು ಏರುತ್ತಿದ್ದ ಹಾಗೆ ಒಂದು ಕೊಳವೆಯೊಳಗಿನ ಗಾಳಿ ಒತ್ತಿಕೊಂಡು ರಬ್ಬರ್ ಪೊರೆಯನ್ನು ಉಬ್ಬಿಸುತ್ತದೆ. ಪೊರೆ ಒಂದು ಚಿಕ್ಕ ಸ್ವಿಚ್ ಅನ್ನು ಒತ್ತುತ್ತದೆ. ಮೋಟರ್ ತಿರುಗಿ, ಮಿಕ್ಸಿಯ ಹಾಗೆ ಅರೆದು, ನೀರನ್ನು ಸಣ್ಣ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಪೆಟ್ಟಿಗೆ ಖಾಲಿಯಾದಾಗ ಪೊರೆ ಕುಗ್ಗಿ ಸ್ವಿಚ್ ಬಿಡುತ್ತದೆ. ತಳ್ಳಿದ ನೀರು ವಾಪಸ್ ಬರದಂತೆ ಪೈಪಿನ ಬಾಯಲ್ಲಿ ಒಂದು ವಾಲ್ವ್ ಇರುತ್ತದೆ. ಎನ್‌ಆರ್‌ವಿ ಅನ್ನುತ್ತೇವಲ್ಲ, ಬೋರಿನ ಪಂಪಿನಲ್ಲಿ ಇರುವಂಥದ್ದೇ, ಆದರೆ ಇಲ್ಲಿ ರಬ್ಬರಿನದು.

ಇಷ್ಟೂ ಕೆಲಸ ಸಾಮಾನ್ಯವಾಗಿ ಐದರಿಂದ ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ಮನೆಯದು ಚೆನ್ನಾಗಿರುವಾಗಲೇ ಒಂದು ಸಲ ಫ್ಲಶ್ ಮಾಡಿ ಎಣಿಸಿಟ್ಟುಕೊಳ್ಳಿ. ದೊಡ್ಡಮ್ಮನ ಮನೆಯದು ಒಂಬತ್ತು. ಆ ಸಂಖ್ಯೆಯನ್ನು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಅದು ಹದಿನಾಲ್ಕಕ್ಕೆ ಏರಿದರೆ ಪೆಟ್ಟಿಗೆ ಕೆಡುವುದಕ್ಕೆ ಮುಂಚೆಯೇ ನನಗೆ ಗೊತ್ತಾಗುತ್ತದೆ.

ಕೆಟ್ಟ ಕೂಡಲೇ ಮಾಡಬೇಕಾದದ್ದು

ಇನ್ನೊಂದು ಸಲ ಫ್ಲಶ್ ಮಾಡಬೇಡಿ. ಎಲ್ಲರೂ ಮಾಡುವ ತಪ್ಪೇ ಇದು. ಹೋಗಲಿಲ್ಲ ಅಂತ ಮತ್ತೆ ಒತ್ತುತ್ತೇವೆ. ಪೆಟ್ಟಿಗೆಯಲ್ಲಿ ಹಿಡಿಯುವುದೇ ಸ್ವಲ್ಪ ನೀರು. ಎರಡನೇ ಸಲದ ನೀರು ಕಮೋಡಿನಲ್ಲಿ ಏರಿ ನೆಲಕ್ಕೆ ಬರುತ್ತದೆ.

ಫ್ಲಶ್ ಟ್ಯಾಂಕಿನ ಕೆಳಗಿರುವ ಆಂಗಲ್ ಕಾಕ್, ಅಂದರೆ ಟ್ಯಾಂಕಿಗೆ ನೀರು ಬಿಡುವ ಚಿಕ್ಕ ನಲ್ಲಿ, ಮುಚ್ಚಿ. ಅದೇ ಪೆಟ್ಟಿಗೆಗೆ ಸಿಂಕ್ ಅಥವಾ ಸ್ನಾನದ ನೀರಿನ ಪೈಪೂ ಸೇರಿದ್ದರೆ ಅದನ್ನೂ ಬಳಸಬೇಡಿ ಅಂತ ಮನೆಯವರಿಗೆಲ್ಲ ಹೇಳಿ. ಆಮೇಲೆ ಸುಮ್ನೆ ಒಂದು ನಿಮಿಷ ನಿಂತು ಸದ್ದು ಕೇಳಿ. ಏನೂ ಸದ್ದಿಲ್ಲವಾ? ಗುಂಯ್ ಅನ್ನುತ್ತಾ ತಿರುಗುತ್ತಿಲ್ಲವಾ? ತಿರುಗುತ್ತಲೇ ಇದೆಯಾ, ನಿಲ್ಲುತ್ತಿಲ್ಲವಾ? ಯಾರೂ ಬಳಸದೆ ಇದ್ದರೂ ಆಗಾಗ ತಾನೇ ಶುರುವಾಗುತ್ತಾ? ನಾಲ್ಕಕ್ಕೂ ಕಾರಣ ಬೇರೆ ಬೇರೆ. ಗುಂಯ್ ಅನ್ನುತ್ತಿದ್ದರೆ ಮಾತ್ರ ತಡ ಮಾಡದೆ ಸ್ವಿಚ್ ಆರಿಸಿ. ತಿರುಗದ ಮೋಟರಿಗೆ ಕರೆಂಟ್ ಹೋಗುತ್ತಲೇ ಇದ್ದರೆ ಅದು ನಿಜವಾಗಿಯೂ ಸುಡುತ್ತದೆ.

ಇನ್ನೊಂದು ಮಾತು. ಇದನ್ನು ಬಳಸುವವರು ಬಹಳ ಮನೆಗಳಲ್ಲಿ ವಯಸ್ಸಾದವರು. ಕೆಟ್ಟಾಗ ಅವರಿಗೆ ತುಂಬ ಮುಜುಗರ. ನಾನು ಹೋದಾಗ ದೊಡ್ಡಮ್ಮ ಬಾಗಿಲ ಹತ್ತಿರ ನಿಂತು, "ನಾನೇನೂ ಹಾಕಿಲ್ಲ ಕಣಪ್ಪಾ, ಅದೇ ಗುಂಯ್ ಅಂತೈತೆ, ತಿರುಗಾಕಿಲ್ಲ," ಅಂತ ಎರಡು ಮೂರು ಸಲ ಹೇಳಿದರು. ಅವರ ಮುಂದೆ ಮೂಗು ಮುಚ್ಚಿಕೊಳ್ಳಬೇಡಿ, ಯಾರು ಏನು ಹಾಕಿದರು ಅಂತ ವಿಚಾರಣೆ ಮಾಡಬೇಡಿ. ಹೆದರಿಕೊಂಡರೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದು ಯಂತ್ರ ಕೆಟ್ಟದ್ದಕ್ಕಿಂತ ದೊಡ್ಡ ತೊಂದರೆ.

ಏನೂ ಸದ್ದಿಲ್ಲದಿದ್ದರೆ

ಮೊದಲು ಕರೆಂಟ್ ನೋಡಿ. ಆ ಪಾಯಿಂಟಿಗೆ ಇನ್ನೊಂದು ಏನಾದರೂ ಹಾಕಿ, ಒಂದು ಟೇಬಲ್ ಲ್ಯಾಂಪ್ ಸಾಕು. ಉರಿಯದಿದ್ದರೆ ಎಂಸಿಬಿ ನೋಡಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದನ್ನೂ ನೋಡಿ. ಬಚ್ಚಲಿನಲ್ಲಿರುವ ಇಂಥ ಯಂತ್ರಕ್ಕೆ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು, ಇಲ್ಲದಿದ್ದರೆ ಹಾಕಿಸಿ. ಅದು ಬಿದ್ದಿದ್ದರೆ ಒಂದು ಸಲ ಎತ್ತಿ ನೋಡಿ. ಮತ್ತೆ ಬಿದ್ದರೆ ಒಳಗೆ ಎಲ್ಲೋ ನೀರು ವೈರಿಗೆ ತಾಗಿದೆ ಅಂತ ಅರ್ಥ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಯಿರಿ. ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ಕರೆಂಟ್ ಕೊಡುವವರೂ ಇದ್ದಾರೆ. ಒದ್ದೆ ನೆಲದ ಮೇಲೆ ಕೂರುವ ಜಾಗ ಅದು. ಖಂಡಿತ ಒಪ್ಪಬೇಡಿ.

ಕರೆಂಟ್ ಇದ್ದೂ ಸದ್ದಿಲ್ಲ ಅಂದರೆ, ಅದಕ್ಕೆ ಸ್ವಲ್ಪ ಮುಂಚೆ ಮೋಟರ್ ತುಂಬ ಹೊತ್ತು ತಿರುಗಿತ್ತಾ ಅಂತ ಕೇಳಿ. ಮೋಟರಿನೊಳಗೆ ಬಿಸಿಯಾದಾಗ ತಾನೇ ಕಡಿತ ಆಗುವ ಒಂದು ಕಟ್-ಔಟ್ ಇದೆ. ತಣ್ಣಗಾದರೆ ಅದೇ ಮತ್ತೆ ಸೇರಿಕೊಳ್ಳುತ್ತದೆ. ಅರ್ಧ ಗಂಟೆ ಬಿಡಿ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ತಣ್ಣಗಾಗಿ ತಿರುಗಿತು ಅಂತ ಅಷ್ಟಕ್ಕೇ ಖುಷಿಪಟ್ಟು ಬಿಡಬೇಡಿ. ಬಿಸಿಯಾಗಿದ್ದು ಯಾಕೆ ಅನ್ನುವುದು ಇನ್ನೂ ಉಳಿದಿದೆ. ಉತ್ತರ ಕೆಳಗಿನ ಭಾಗಗಳಲ್ಲಿ ಸಿಗುತ್ತದೆ.

ತಣ್ಣಗಿದ್ದೂ ತಿರುಗದೆ, ಕಮೋಡಿನಲ್ಲಿ ನೀರು ಏರಿ ನಿಂತಿದ್ದರೆ ಗಾಳಿಯ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ನೀರು ಏರಿದ್ದು ಸ್ವಿಚ್ಚಿಗೆ ಗೊತ್ತೇ ಆಗುತ್ತಿಲ್ಲ. ಇದಕ್ಕೆ ಮುಚ್ಚಳ ತೆಗೆಯಬೇಕು.

ಗುಂಯ್ ಅಂದು ತಿರುಗದಿದ್ದರೆ

ಕರೆಂಟ್ ಬರುತ್ತಿದೆ, ಮೋಟರ್ ಎದ್ದೇಳಲು ಒದ್ದಾಡುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಮೂರು ಕಾರಣ: ವೋಲ್ಟೇಜ್ ಸಾಲದು, ಬ್ಲೇಡಿಗೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಮೋಟರ್ ಏಳಲು ನೆರವಾಗುವ ಕೆಪಾಸಿಟರ್ ಹೋಗಿದೆ.

ವೋಲ್ಟೇಜ್ ಮೊದಲು ನೋಡಿ, ಯಾಕೆಂದರೆ ಅದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ದೋಣಿಯಲ್ಲಿ ಇದೇ ನಮ್ಮ ಮೊದಲ ಪಾಠವಾಗಿತ್ತು. ಅಲ್ಲಿ ಬರೀ 12 ವೋಲ್ಟ್. ಮೋಟರ್ ಎಳೆಯುವುದು ಇಪ್ಪತ್ತು ಆಂಪ್ ಆಸುಪಾಸು. ಬ್ಯಾಟರಿ ಒಂದು ತುದಿ, ಕಮೋಡ್ ಇನ್ನೊಂದು ತುದಿ. ನಡುವಿನ ವೈರು ತೆಳ್ಳಗಿದ್ದರೆ, ಕನೆಕ್ಷನ್‌ಗೆ ಉಪ್ಪುಗಾಳಿಯಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ದಾರಿಯಲ್ಲೇ ಎರಡು ವೋಲ್ಟ್ ಕಳೆದುಹೋಗುತ್ತದೆ. ಎರಡು ಅಂದರೆ ಸಣ್ಣದು ಅನ್ನಿಸುತ್ತದೆ. ಆದರೆ 12ರಲ್ಲಿ ಅದು ಆರನೇ ಒಂದು ಭಾಗ. ನಮ್ಮ ಮನೆಯ 230ರಲ್ಲಿ ಲೆಕ್ಕ ಹಾಕಿದರೆ 38 ವೋಲ್ಟ್ ಹೋದ ಹಾಗೆ.

ಮನೆಯಲ್ಲಿ ವೈರಿನ ಕಥೆ ಅಷ್ಟು ಕೆಟ್ಟದಾಗಿರುವುದಿಲ್ಲ. ಆದರೆ ಸಂಜೆ ಹೊತ್ತು ಎಲ್ಲರೂ ಮೋಟರ್ ಹಾಕಿ ಸಂಪಿನಿಂದ ನೀರು ಏರಿಸುವಾಗ, ಊರಾಚೆ ಪಂಪ್‌ಸೆಟ್‌ಗಳು ನಡೆಯುವಾಗ ವೋಲ್ಟೇಜ್ ಕುಸಿಯುತ್ತದೆ. ಕೆಜಿಎಫ್ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು ಅಂತ ನಮ್ಮ ತಾತ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆ ನನಗೂ ಇದೆ. ಆದರೂ ನಿಮ್ಮ ಬಚ್ಚಲಿನ ಪಾಯಿಂಟಿಗೆ ಈಗ ಎಷ್ಟು ಬರುತ್ತಿದೆ ಅನ್ನುವುದನ್ನು ನೀವೇ ಅಳೆಯಬೇಕು. ಮಲ್ಟಿಮೀಟರ್ ಎಸಿಗೆ ತಿರುಗಿಸಿ, ಮೋಟರ್ ಶುರುವಾಗುವ ಹೊತ್ತಿನಲ್ಲಿ ನೋಡಿ. ಸುಮ್ಮನಿರುವಾಗ 215 ತೋರಿಸಿ, ಮೋಟರ್ ಎದ್ದ ಕ್ಷಣ 180ಕ್ಕೆ ಬೀಳುವುದೂ ಉಂಟು. ಇಂಥ ಮೋಟರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇದ್ದದ್ದು 180 ಆದರೆ ಬಲ ನೂರಕ್ಕೆ ಅರವತ್ತರ ಹತ್ತಿರ ಬರುತ್ತದೆ. ಖಾಲಿ ನೀರಾದರೆ ಹೇಗೋ ತಿರುಗೀತು. ಬ್ಲೇಡಿಗೆ ನಾಲ್ಕು ಎಳೆ ಕೂದಲಿದ್ದರೆ ಆಗುವುದಿಲ್ಲ.

ಮೀಟರ್ ಬಳಸಿ ಅಭ್ಯಾಸ ಇಲ್ಲದವರು ಇನ್ನೊಂದು ರೀತಿಯಲ್ಲಿ ತಿಳಿಯಬಹುದು. ಸಂಜೆ ಗುಂಯ್ ಅಂದದ್ದು ಬೆಳಗಿನ ಜಾವ ಐದಕ್ಕೆ ಚೆನ್ನಾಗಿ ತಿರುಗಿದರೆ ತೊಂದರೆ ವೋಲ್ಟೇಜಿನದು. ಆ ಪಾಯಿಂಟಿಗೆ ಬರುವ ವೈರು ಹಳೆಯದಾಗಿದ್ದರೆ, ಅದೇ ಲೈನಿನಲ್ಲಿ ಗೀಸರ್ ಇದ್ದರೆ, ಬೋರ್ಡಿನಿಂದ ಬೇರೆ ಲೈನ್ ಎಳೆಸಿ. ಹೊರಗಿನ ಲೈನೇ ಬಡವಾಗಿದ್ದರೆ ಸ್ಟೆಬಿಲೈಸರ್ ಒಂದೇ ದಾರಿ.

ವೋಲ್ಟೇಜ್ ಸರಿ ಇದ್ದೂ ಗುಂಯ್ ಅಂದರೆ ಬ್ಲೇಡು ಅಥವಾ ಕೆಪಾಸಿಟರ್. ಸೀಲಿಂಗ್ ಫ್ಯಾನ್ ಕೈಯಿಂದ ತಳ್ಳಿದರೆ ಮಾತ್ರ ತಿರುಗುತ್ತಲ್ಲ, ಅದು ಕೆಪಾಸಿಟರ್ ಹೋದ ಕಾಯಿಲೆ. ಕೆಪಾಸಿಟರ್ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ ಹೋಗಿದೆ ಅಂತ ನೋಡಿದರೇ ಗೊತ್ತಾಗುತ್ತದೆ. ಕೆಲವು ಸಲ ಹೊರಗೆ ಏನೂ ಕಾಣುವುದಿಲ್ಲ. ಆಗ ಅದೇ ಮೈಕ್ರೋಫ್ಯಾರಡ್ ಇರುವ ಹೊಸದನ್ನು ಹಾಕಿ ನೋಡುವುದೇ ಪರೀಕ್ಷೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ. ಇದರ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್‌ಗೆ ಬಿಡಿ.

ತಿರುಗುತ್ತಲೇ ಇದ್ದರೆ

ಪೆಟ್ಟಿಗೆ ಖಾಲಿಯಾಗುತ್ತಿಲ್ಲ, ಇಲ್ಲವೇ ಖಾಲಿಯಾದದ್ದು ಸ್ವಿಚ್ಚಿಗೆ ತಿಳಿಯುತ್ತಿಲ್ಲ.

ದೋಣಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಪಂಪಿನ ಕಡೆ ತಲೆಯೂ ಹಾಕದೆ ಮೊದಲು ಕೇಳುತ್ತಿದ್ದದ್ದು, "ಸೀಕಾಕ್ ತೆಗ್ದಿದ್ದೀಯಾ?" ಅಂತ. ದೋಣಿಯ ತಳದಲ್ಲಿ ನೀರು ಒಳಬರುವ, ಹೊರಹೋಗುವ ತೂತುಗಳಿಗೆ ಇರುವ ವಾಲ್ವ್ ಅದು. ಮುಚ್ಚಿದ ವಾಲ್ವಿನ ಎದುರು ಪಂಪು ಎಷ್ಟು ತಿರುಗಿದರೂ ಏನು ಬಂತು? ಮನೆಯಲ್ಲಿಯೂ ಹೊರಹೋಗುವ ಪೈಪಿಗೆ ಪ್ಲಂಬರ್ ಒಂದು ಬಾಲ್ ವಾಲ್ವ್ ಹಾಕಿರಬಹುದು. ಟ್ಯಾಂಕ್ ತೊಳೆಯಲು ಬಂದವರು, ಬಣ್ಣ ಹೊಡೆಯಲು ಬಂದವರು ಯಾವುದೋ ವಾಲ್ವ್ ಅಂತ ಅದನ್ನು ತಿರುಗಿಸಿರುತ್ತಾರೆ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ.

ಅದು ಸರಿ ಇದ್ದರೆ ಹೊರಗಿನ ಚೇಂಬರ್ ಮುಚ್ಚಳ ತೆಗೆಸಿ, ದೂರದಿಂದ ನೋಡಿ. ಒಬ್ಬರು ಒಳಗೆ ಸ್ವಿಚ್ ಹಾಕಲಿ. ಪೈಪಿನಿಂದ ನೀರು ರಭಸವಾಗಿ ಬೀಳಬೇಕು. ಸಣ್ಣಗೆ ಬರುತ್ತಿದ್ದರೆ ಪೈಪಿನಲ್ಲಿ ಕರೆ ಅಥವಾ ಕೊಬ್ಬು ಕಟ್ಟಿದೆ. ಚೇಂಬರೇ ತುಂಬಿ ನಿಂತಿದ್ದರೆ ನಿಮ್ಮ ಪೆಟ್ಟಿಗೆಯದು ತಪ್ಪೇ ಇಲ್ಲ. ನಗರಸಭೆಗೆ ಹೇಳಿ ಜೆಟ್ಟಿಂಗ್ ಗಾಡಿ ಕರೆಸಿ. ಮ್ಯಾನ್‌ಹೋಲ್‌ಗಾಗಲಿ, ಶೌಚದ ಗುಂಡಿಗಾಗಲಿ ಒಬ್ಬ ಮನುಷ್ಯನನ್ನು ಇಳಿಸಬೇಡಿ. ಒಳಗಿನ ವಿಷಗಾಳಿಗೆ ಇಳಿದವರು ಕ್ಷಣದಲ್ಲಿ ಸಾಯುತ್ತಾರೆ. ಮಲಹೊರುವ ಪದ್ಧತಿ ತಡೆಯುವ 2013ರ ಕಾನೂನಿನ ಪ್ರಕಾರ ರಕ್ಷಣೆಯ ಸಲಕರಣೆ ಇಲ್ಲದೆ ಹಾಗೆ ಇಳಿಸುವುದು ಅಪರಾಧ. "ನಾನೇ ಇಳೀತೀನಿ ಸಾರ್" ಅಂತ ಯಾರಾದರೂ ಹೇಳಿದರೂ ಬೇಡ ಅನ್ನಿ.

ನೀರು ರಭಸವಾಗಿ ಹೋಗುತ್ತಿದೆ, ಆದರೂ ಮೋಟರ್ ನಿಲ್ಲುವುದಿಲ್ಲ ಅಂದರೆ ಫ್ಲಶ್ ಟ್ಯಾಂಕಿನಿಂದ ನೀರು ಒಂದೇ ಸಮನೆ ಇಳಿಯುತ್ತಿರಬಹುದು. ಆಂಗಲ್ ಕಾಕ್ ಮುಚ್ಚಿದಾಗ ನಿಂತರೆ ಅದೇ. ಮುಚ್ಚಿದರೂ ನಿಲ್ಲದಿದ್ದರೆ ಸ್ವಿಚ್ ಅಂಟಿಕೊಂಡಿದೆ ಅಥವಾ ಗಾಳಿಯ ಕೊಳವೆಯಲ್ಲಿ ಕೆಸರು ತುಂಬಿದೆ.

ತಾನೇ ಆಗಾಗ ಶುರುವಾದರೆ

ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲದ ಬಚ್ಚಲಿನಲ್ಲಿ ಮೋಟರ್ ಸದ್ದು ಬಂದರೆ ಮನೆಯವರು ಹೆದರುತ್ತಾರೆ. ಹೆದರುವುದು ಏನಿಲ್ಲ. ನೀರು ಎಲ್ಲಿಂದಲೋ ಪೆಟ್ಟಿಗೆಗೆ ಸೇರುತ್ತಿದೆ. ಸಾಮಾನ್ಯವಾಗಿ ಎರಡು ದಾರಿ: ಮೇಲಿನ ಫ್ಲಶ್ ಟ್ಯಾಂಕಿನಿಂದ ಸೋರಿಕೆ, ಇಲ್ಲವೇ ಎನ್‌ಆರ್‌ವಿ ಸರಿಯಾಗಿ ಮುಚ್ಚದೆ ಪೈಪಿನ ನೀರು ವಾಪಸ್.

ಯಾವುದು ಅಂತ ತಿಳಿಯಲು ದುಡ್ಡು ಖರ್ಚಿಲ್ಲದ ಪರೀಕ್ಷೆ ಇದೆ. ಆಂಗಲ್ ಕಾಕ್ ಮುಚ್ಚಿ. ಒಂದು ಸಲ ಫ್ಲಶ್ ಮಾಡಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಮೋಟರ್ ತನ್ನ ಕೆಲಸ ಮುಗಿಸಿ ನಿಲ್ಲಲಿ. ಈಗ ಮೇಲಿಂದ ಹನಿ ನೀರೂ ಬರುವಂತಿಲ್ಲ. ಒಂದು ಗಂಟೆ ಯಾರೂ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಆ ಒಂದು ಗಂಟೆಯಲ್ಲಿ ಮೋಟರ್ ಮತ್ತೆ ಶುರುವಾದರೆ ತಪ್ಪು ಎನ್‌ಆರ್‌ವಿಯದು. ಶುರುವಾಗದಿದ್ದರೆ ಫ್ಲಶ್ ಟ್ಯಾಂಕಿನ ವಾಷರ್ ಸೋರುತ್ತಿದೆ.

ಟ್ಯಾಂಕೇ ಸೋರುತ್ತಿದೆ ಅಂತ ಕಣ್ಣಾರೆ ನೋಡಬೇಕಾ? ಬಟ್ಟೆಗೆ ಹಾಕುವ ನೀಲಿಯನ್ನು ತುಂಬಿದ ಟ್ಯಾಂಕಿಗೆ ನಾಲ್ಕು ಹನಿ ಬಿಡಿ. ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿ. ಕಮೋಡಿನ ಒಳಗೋಡೆಯಲ್ಲಿ ನೀಲಿ ಗೆರೆ ಇಳಿದಿರುತ್ತದೆ. ನಮ್ಮ ಬೋರ್ ನೀರಿನಲ್ಲಿ ಆ ವಾಷರಿನ ಅಂಚಿಗೆ ಉಪ್ಪಿನ ಕಾಳು ಕೂರುತ್ತದೆ, ಅದರಿಂದ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ತೆಗೆದು, ಉಜ್ಜಿ ತೊಳೆದರೆ ಕೆಲವು ಸಲ ಅಷ್ಟೇ ಸಾಕು. ರಬ್ಬರ್ ಗಟ್ಟಿಯಾಗಿದ್ದರೆ ಹೊಸ ವಾಷರ್ ಹಾಕಿ. ಸಾವಿರ ಅಡಿ ಕೊರೆಸಿದರೂ ನೀರು ಸಿಗದೆ ನೊಂದ ಜಿಲ್ಲೆ ನಮ್ಮದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬರುತ್ತಿದೆ ನಿಜ, ಆದರೂ ರಾತ್ರಿಯಿಡೀ ಸೋರಿ ಹೋಗುವ ನೀರು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಎನ್‌ಆರ್‌ವಿ ಆದರೆ ಲೆಕ್ಕ ಹೀಗೆ. ಒಳ ಅಳತೆ 32 ಮಿಲಿಮೀಟರ್ ಇರುವ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 800 ಎಂ.ಎಲ್. ನೀರು ನಿಲ್ಲುತ್ತದೆ. ಪೈಪ್ ಮೂರು ಮೀಟರ್ ಮೇಲೆ ಹತ್ತಿದ್ದರೆ ಎರಡೂವರೆ ಲೀಟರಿನಷ್ಟು ಕೊಳಕು ನೀರು ವಾಪಸ್ ಪೆಟ್ಟಿಗೆಗೆ ಇಳಿಯುತ್ತದೆ. ಮೋಟರ್ ಅದನ್ನು ತಳ್ಳುತ್ತದೆ, ಅದು ಮತ್ತೆ ಇಳಿಯುತ್ತದೆ. ದಿನವಿಡೀ ಇದೇ ಕೆಲಸ. ದೋಣಿಗಳಲ್ಲಿ ಇದೇ ಜಾಗದಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರ್ ವಾಲ್ವ್ ಇರುತ್ತದೆ, ಜೋಕರ್ ವಾಲ್ವ್ ಅಂತ. ಉಪ್ಪುನೀರು, ಮೂತ್ರ ಸೇರಿ ಅದರ ತುಟಿಗೆ ಸುಣ್ಣ ಕಟ್ಟಿ ಬಾಯಿ ತೆರೆದೇ ಉಳಿಯುತ್ತಿತ್ತು. ಅದನ್ನು ನಾವು ಕೆಡುವ ತನಕ ಕಾಯುತ್ತಿರಲಿಲ್ಲ. ಬದಲಿ ಒಂದು ಯಾವಾಗಲೂ ನಮ್ಮ ಸಾಮಾನಿನ ಚೀಲದಲ್ಲಿ ಇರುತ್ತಿತ್ತು. ನೀವೂ ನಿಮ್ಮ ಮಾದರಿಯ ಎನ್‌ಆರ್‌ವಿ ರಬ್ಬರ್ ಒಂದನ್ನು ತಂದಿಟ್ಟುಕೊಳ್ಳಿ. ಕೋಲಾರದ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಬೇಕಾಗುತ್ತದೆ, ಕೆಟ್ಟ ದಿನವೇ ಹುಡುಕಲು ಹೊರಟರೆ ಕಷ್ಟ.

ಪೆಟ್ಟಿಗೆ ಬಿಚ್ಚುವಾಗ

ವಾರಂಟಿ ಇದ್ದರೆ ಬಿಚ್ಚಬೇಡಿ, ಕಂಪನಿಯವರಿಗೆ ಹೇಳಿ. ಇಲ್ಲದಿದ್ದರೆ ನಿಧಾನವಾಗಿ ಮಾಡಿದರೆ ಎರಡು ಗಂಟೆಯ ಕೆಲಸ.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡಿ. ಮೊಣಕೈವರೆಗಿನ ರಬ್ಬರ್ ಗ್ಲೌಸ್, ಹಳೆ ಟವೆಲ್ ಎರಡು, ಬಕೆಟ್ ಎರಡು, ಟಾರ್ಚು, ಸ್ಕ್ರೂಡ್ರೈವರ್, ಸಣ್ಣ ಕತ್ತರಿ, ಬೇಡವಾದ ಹಲ್ಲುಜ್ಜುವ ಬ್ರಶ್ಶು ಹತ್ತಿರ ಇಟ್ಟುಕೊಳ್ಳಿ. ಕಮೋಡಿನಲ್ಲಿ ನಿಂತ ನೀರನ್ನು ಮಗ್ಗಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕಿ, ಮನೆಯಲ್ಲಿ ಮೇಲೆ ಬೇರೆ ಟಾಯ್ಲೆಟ್ ಇದ್ದರೆ ಅಲ್ಲಿ ಸುರಿಯಿರಿ.

ಆಮೇಲೆ ಬರುವುದು ಎಲ್ಲರೂ ಎಡವುವ ಜಾಗ. ಪೆಟ್ಟಿಗೆಯಿಂದ ಮೇಲೆ ಹೋಗುವ ಪೈಪಿನ ಕ್ಲಿಪ್ ಸಡಿಲಿಸಿದ ಕೂಡಲೇ ಆ ಪೈಪಿನಲ್ಲಿ ನಿಂತ ನೀರೆಲ್ಲ ನಿಮ್ಮ ಮೈಮೇಲೆ ಬರುತ್ತದೆ. ಮೇಲೆ ಹೇಳಿದ ಎರಡೂವರೆ ಲೀಟರ್ ಇದೇ. ಬಾಲ್ ವಾಲ್ವ್ ಇದ್ದರೆ ಮೊದಲು ಮುಚ್ಚಿ. ಇಲ್ಲದಿದ್ದರೆ ಕೆಳಗೆ ಬಕೆಟ್ ಇಟ್ಟು, ಟವೆಲ್ ಸುತ್ತಿ, ಕ್ಲಿಪ್ಪನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಚ್ಚುವ ಪ್ರತಿ ಪೈಪು, ಪ್ರತಿ ವೈರಿನ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಸೇರಿಸುವಾಗ ಯಾವುದು ಎಲ್ಲಿ ಅನ್ನುವ ಗೊಂದಲ ಇರುವುದಿಲ್ಲ.

ದೊಡ್ಡಮ್ಮನ ಮನೆಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಂಡದ್ದನ್ನು ಹೇಳುತ್ತೇನೆ. ಒಳಗೋಡೆಯಲ್ಲೆಲ್ಲ ಬೂದು ಬಿಳುಪಿನ ಪದರ, ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಹಾಗೆಯೇ. ಉಗುರಿನಿಂದ ಕೆರೆದರೆ ಮೊಟ್ಟೆಯ ಸಿಪ್ಪೆಯ ಹಾಗೆ ಚೂರು ಚೂರಾಗಿ ಎದ್ದಿತು. ತೂತಿನ ಬುಟ್ಟಿಯೊಳಗೆ ಒಂದು ಕಪ್ಪು ಹೇರ್‌ಪಿನ್. ಬ್ಲೇಡಿನ ಬುಡದಲ್ಲಿ, ಶಾಫ್ಟಿನ ಸುತ್ತ, ಬಿಳಿ ಕೂದಲು ಮತ್ತು ತೆಂಗಿನ ನಾರು ಸೇರಿ ಹಗ್ಗದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಪಾತ್ರೆ ತೊಳೆದ ನೀರನ್ನು ಕೆಲಸದವರು ಕಮೋಡಿಗೆ ಸುರಿಯುತ್ತಿದ್ದರಂತೆ. ನಾರು ಬಂದದ್ದು ಅಲ್ಲಿಂದ. ಎಳೆದರೆ ಬರುವುದಿಲ್ಲ, ಎಳೆಯಲೂ ಬಾರದು, ಒಳಗಿನ ಸೀಲ್ ಹರಿಯುತ್ತದೆ. ಸಣ್ಣ ಕತ್ತರಿಯಿಂದ ಒಂದು ಕಡೆ ಕತ್ತರಿಸಿ, ಬಿಡಿಸಿ ಬಿಡಿಸಿ ತೆಗೆದೆ. ಅರ್ಧ ಗಂಟೆ ಹಿಡಿಯಿತು. ಕೊನೆಯ ಎಳೆ ಬಂದಾಗ ಬ್ಲೇಡು ಸ್ಕ್ರೂಡ್ರೈವರ್ ತುದಿಗೆ ಹಗುರವಾಗಿ ತಿರುಗಿತು. ಬ್ಲೇಡನ್ನು ಬೆರಳಿನಿಂದ ತಿರುಗಿಸಬೇಡಿ, ಗ್ಲೌಸ್ ಇದ್ದರೂ ಕುಯ್ಯುತ್ತದೆ.

ಗಾಳಿಯ ಕೊಳವೆಯ ಕೆಳಬಾಯಿಗೆ ಬ್ರಶ್ಶು ಹಾಕಿ ತೊಳೆಯಿರಿ. ತಂತಿ ತೂರಿಸಬೇಡಿ, ಮೇಲಿನ ರಬ್ಬರ್ ಪೊರೆ ತೂತಾದರೆ ಆಮೇಲೆ ಮೋಟರ್ ಏಳುವುದೇ ಇಲ್ಲ. ಎಲ್ಲ ಸೇರಿಸಿದ ಮೇಲೆ ನೇರ ಬಳಕೆಗೆ ಕೊಡಬೇಡಿ. ಬರೀ ನೀರು, ಬಕೆಟ್ಟಿನಿಂದ ಮೂರು ಸಲ ಸುರಿದು, ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟು ಒದ್ದೆಯಾಗುತ್ತದಾ ನೋಡಿ.

ಕರೆ ಕರಗಿಸುವುದು

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಆಗಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಬೋರಿನ ನೀರು ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಸೋಪು ನೊರೆ ಬರುವುದಿಲ್ಲ, ನಲ್ಲಿಯ ಬಾಯಿ ಬೆಳ್ಳಗಾಗಿದೆ ಅಂದರೆ ಪೆಟ್ಟಿಗೆಯ ಒಳಗೂ ಅದೇ ಆಗುತ್ತಿದೆ.

ಇದಕ್ಕೆ ನಿಂಬೆ ಉಪ್ಪು ಸಾಕು, ಸಿಟ್ರಿಕ್ ಆಸಿಡ್ ಅಂತ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ಎಲ್ಲರ ಬಳಕೆ ಮುಗಿದ ಮೇಲೆ ಪ್ಲಗ್ ತೆಗೆಯಿರಿ. 200 ಗ್ರಾಂ ಪುಡಿಯನ್ನು ಮೂರು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕಮೋಡಿಗೆ ಸುರಿಯಿರಿ. ಕರೆ ಇದ್ದರೆ ಸುಯ್ ಅಂತ ಸಣ್ಣ ನೊರೆಯ ಸದ್ದು ಕೇಳುತ್ತದೆ. ಬೆಳಿಗ್ಗೆ ಪ್ಲಗ್ ಹಾಕಿ ಎರಡು ಮೂರು ಸಲ ಫ್ಲಶ್ ಮಾಡಿ. ಕುದಿಯುವ ನೀರು ಬೇಡ, ರಬ್ಬರ್ ಹಾಳಾಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಸುರಿಯಬೇಡಿ, ಬ್ಲೇಡು, ಸೀಲ್ ಎರಡನ್ನೂ ತಿನ್ನುತ್ತದೆ. ಯಾವ ಆಸಿಡ್ ಆದರೂ ಸರಿ, ನಿಂಬೆ ಉಪ್ಪೇ ಆದರೂ ಸರಿ, ಬ್ಲೀಚಿಂಗ್ ಪೌಡರಿನ ಜೊತೆ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ.

ವಾಸನೆ, ಕರೆಂಟ್ ಹೋದಾಗ

ವಾಸನೆ ಬಹುಪಾಲು ಕರೆಯಲ್ಲಿ ಅಂಟಿದ ಕೆಸರಿನದು. ಮೇಲಿನ ಕೆಲಸ ಮಾಡಿದರೆ ಹೋಗುತ್ತದೆ. ಹೋಗದಿದ್ದರೆ ಮುಚ್ಚಳದ ಮೇಲಿನ ಇದ್ದಿಲ ಫಿಲ್ಟರ್ ಬದಲಿಸಿ. ಮೋಟರ್ ನಿಂತ ಮೇಲೆ ಕಮೋಡಿನಲ್ಲಿ ನಿಲ್ಲಬೇಕಾದ ನೀರೂ ಗೊಳಗೊಳ ಅಂತ ಎಳೆದುಕೊಂಡು ಹೋಗುತ್ತಿದ್ದರೆ ಪೈಪ್ ಮೇಲೆ ಹತ್ತಿ ಆಮೇಲೆ ತುಂಬ ಕೆಳಗೆ ಇಳಿದಿದೆ ಅಂತ ಅರ್ಥ. ಎತ್ತರದ ತಿರುವಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್ ಹಾಕಿಸಿ.

ಕರೆಂಟ್ ಇಲ್ಲದಾಗ ಒಂದು ಸಲಕ್ಕಿಂತ ಜಾಸ್ತಿ ಫ್ಲಶ್ ಮಾಡಬಾರದು. ಇನ್ವರ್ಟರಿಗೆ ಸೇರಿಸುವುದಾದರೆ ಸೈನ್ ವೇವ್ ಇನ್ವರ್ಟರೇ ಆಗಬೇಕು. ಸ್ಕ್ವೇರ್ ವೇವ್ ಆದರೆ ಮೋಟರ್ ಗೊಣಗುತ್ತದೆ, ಬಿಸಿಯಾಗುತ್ತದೆ. ಮೋಟರ್ 400 ವ್ಯಾಟ್ ಇದ್ದರೂ ಏಳುವ ಕ್ಷಣದಲ್ಲಿ ಅದರ ಕೆಲವು ಪಟ್ಟು ಎಳೆಯುತ್ತದೆ, ಚಿಕ್ಕ ಇನ್ವರ್ಟರ್ ಅಲ್ಲೇ ಕೂತುಬಿಡುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರಿಗೆ ಮೋಟರಿನ ಮೇಲಿನ ಚೀಟಿಯ ಫೋಟೋ ತೋರಿಸಿ.

ಏನೇನು ಹಾಕಬಾರದು ಅನ್ನುವುದನ್ನು ಬಚ್ಚಲಿನ ಬಾಗಿಲಿಗೇ ದೊಡ್ಡ ಅಕ್ಷರದಲ್ಲಿ ಅಂಟಿಸಿ: ಒದ್ದೆ ಟಿಶ್ಯೂ, ಪ್ಯಾಡ್, ಹತ್ತಿ, ಕೂದಲು, ನಾರು, ಎಣ್ಣೆ, ಉಳಿದ ಸಾರು. ಪಕ್ಕದಲ್ಲೇ ಮುಚ್ಚಳ ಇರುವ ಕಸದ ಡಬ್ಬಿ ಇಡಿ. ಡಬ್ಬಿ ಕೈಗೆ ಸಿಗುವಂತಿರದಿದ್ದರೆ ಚೀಟಿ ಅಂಟಿಸಿ ಪ್ರಯೋಜನವಿಲ್ಲ.

ನಿಂಬೆ ಉಪ್ಪಿನ ಕೆಲಸ ತಿಂಗಳಿಗೊಮ್ಮೆ ಮಾಡಬೇಕು ಅಂತ ದೊಡ್ಡಮ್ಮನಿಗೆ ಹೇಳಿದಾಗ, ತಾರೀಖು ನೆನಪಿರುವುದಿಲ್ಲ ಅಂದರು. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಪ್ರತಿ ಅಮಾವಾಸ್ಯೆ ರಾತ್ರಿ ಮಲಗುವ ಮುಂಚೆ ಪ್ಲಗ್ ಕಿತ್ತು, ಚೊಂಬಿನಲ್ಲಿ ಕರಗಿಸಿಟ್ಟ ನೀರನ್ನು ತಾವೇ ಸುರಿಯುತ್ತಾರೆ. ಮರುದಿನ ಬೆಳಿಗ್ಗೆ ಫ್ಲಶ್ ಮಾಡಿ, ಎಣಿಸಿ, ನನಗೆ ಫೋನ್ ಮಾಡುತ್ತಾರೆ. "ಒಂಬತ್ತೇ ಐತೆ ಕಣಪ್ಪಾ."